ಸುಂಕದ ಪಟ್ಟಿಯೂ ಮತದ ಪೆಟ್ಟಿಗೆಯೂ

ವಾಣಿಜ್ಯವೆಂಬುದು ಲಾಭನಷ್ಟಗಳ ಗಣಿತವೆಂದೂ, ತನ್ನ ಲಾಭವಾವುದೆಂಬುದನ್ನು ಪ್ರತಿಯೊಬ್ಬನೂ ಬಲ್ಲನಾದ ಕಾರಣ ಲಾಭಕರವಾದ ಒಡಂಬಡಿಕೆಯನ್ನು ಪ್ರಜೆಗಳು ತಿರಸ್ಕರಿಸಲಾರರೆಂದೂ ಭಾವಿಸುವುದು ಸಹಜವಾಗಿದೆ. ಆದರೆ ಚರಿತ್ರೆಯು ಈ ಭಾವನೆಯನ್ನು ಎಲ್ಲ ಕಾಲದಲ್ಲಿಯೂ ಸಮರ್ಥಿಸುವುದಿಲ್ಲ. ರೈತನ ಗೋದಿಗೆ ಹೊಸ ಪೇಟೆಯನ್ನು ತೆರೆಯುವಂಥ ಒಂದು ಒಡಂಬಡಿಕೆಯನ್ನು ಜನರ ಮುಂದಿಟ್ಟು, ಆ ಒಂದು ಕಾರ್ಯದಿಂದಲೇ ಹದಿನೈದು ವರ್ಷಗಳ ಅಧಿಕಾರವನ್ನು ಕಳೆದುಕೊಂಡ ಮಂತ್ರಿಮಂಡಲವೊಂದರ ವೃತ್ತಾಂತವು ಕೆನಡಾ ದೇಶದ ಚರಿತ್ರೆಯಲ್ಲಿದೆ. 1911ನೆಯ ಇಸವಿಯ ಆ ಚುನಾವಣೆಯನ್ನು ವಿವೇಚಿಸಿದರೆ, ಮತದಾರನು ಸುಂಕದ ಪಟ್ಟಿಯಲ್ಲಿ ಏನನ್ನು ಓದುತ್ತಾನೆ ಎಂಬುದು ಕೊಂಚಮಟ್ಟಿಗೆ ತಿಳಿದುಬರುವುದು.

ಕೆನಡಾ ದೇಶದ ಭೂವಿಸ್ತಾರವು ಅತಿ ದೊಡ್ಡದಾದರೂ ಅದರ ಜನವಸತಿಯ ಬಹುಭಾಗವು ದಕ್ಷಿಣದ ಗಡಿಯ ಅಂಚಿನಲ್ಲಿ ಒಂದು ನೀಳವಾದ ಪಟ್ಟಿಯಂತೆ ಹಬ್ಬಿದೆ. ಗಡಿಯ ಆಚೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿವೆ. ಆದುದರಿಂದ ಸರಕು ಸಹಜವಾಗಿ ಹರಿಯಲೆಳಸುವುದು ಉತ್ತರ ದಕ್ಷಿಣವಾಗಿ. ದೇಶವು ಒಂದಾಗಿ ನಿಲ್ಲಬೇಕಾದರೆ ಅದು ಹರಿಯಬೇಕಾದುದು ಪೂರ್ವ ಪಶ್ಚಿಮವಾಗಿ. ಈ ವಿರೋಧವೇ ಆ ದೇಶದ ವಾಣಿಜ್ಯನೀತಿಯ ಬೀಜವೆನ್ನಬಹುದು. 1854ರಲ್ಲಿ ಬ್ರಿಟಿಷ್ ಸರಕಾರದ ಮೂಲಕ ಅಮೆರಿಕದೊಡನೆ ಪರಸ್ಪರಾನುಕೂಲದ ಒಂದು ಕೌಲು ಏರ್ಪಟ್ಟು, ನಿಸರ್ಗೋತ್ಪನ್ನಗಳು ಸುಂಕವಿಲ್ಲದೆ ಗಡಿಯನ್ನು ದಾಟತೊಡಗಿದವು. 1866ರಲ್ಲಿ ಅಮೆರಿಕವೇ ಅದನ್ನು ಕೊನೆಗಾಣಿಸಿತು. ಮರುವರ್ಷ ಕೆನಡಾ ಪ್ರಾಂತಗಳು ಒಂದು ಒಕ್ಕೂಟವಾದವು. ಆಮೇಲೆ 1879ರಲ್ಲಿ ಪ್ರಧಾನಮಂತ್ರಿ ಸರ್ ಜಾನ್ ಮ್ಯಾಕ್‌ಡೊನಾಲ್ಡನು 'ರಾಷ್ಟ್ರೀಯ ನೀತಿ'ಯೆಂಬ ಹೆಸರಿನಿಂದ ಹೊರಗಿನ ತಯಾರಿಕೆಗಳ ಮೇಲೆ ಹೆಚ್ಚು ಸುಂಕವನ್ನು ವಿಧಿಸಿದನು. ಈ ಸುಂಕದ ಆಶ್ರಯದಲ್ಲಿ ಆಂಟೇರಿಯೋ ಮತ್ತು ಕ್ವಿಬೆಕ್ ಪ್ರಾಂತಗಳ ಕಾರ್ಖಾನೆಗಳು ಬೆಳೆದವು. 1885ರಲ್ಲಿ ಸಾಗರದಿಂದ ಸಾಗರಕ್ಕೆ ರೈಲುಮಾರ್ಗವು ಕೂಡಿತು. ಆದರೂ ಅಮೆರಿಕದ ಪೇಟೆಯ ಆಸೆಯು ಅಳಿಯಲಿಲ್ಲ. 1891ರ ಚುನಾವಣೆಯಲ್ಲಿ ಲಿಬರಲ್ ಪಕ್ಷವು ಅದನ್ನೇ ಮುಂದಿಟ್ಟು ಸೋತಿತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪಶ್ಚಿಮದ ಬಯಲುಸೀಮೆಗೆ ಜನರು ಗುಂಪುಗುಂಪಾಗಿ ಬಂದು ನೆಲೆಸಿ ಗೋದಿಯನ್ನು ಬೆಳೆಯತೊಡಗಿದರು. ಈ ರೈತರ ಸಂಕಟವು ಎರಡು ಬಗೆಯದು. ಅವರು ಮಾರುವ ಧಾನ್ಯವು ಲೋಕದ ಪೇಟೆಯ ಬೆಲೆಗೆ ಒಳಪಟ್ಟುದು. ಅವರು ಕೊಳ್ಳುವ ನೇಗಿಲು, ಕುಯಿಲಿನ ಯಂತ್ರ, ಬಟ್ಟೆಬರೆಗಳೆಲ್ಲ ಸುಂಕದಿಂದ ಏರಿದ ಬೆಲೆಯವು. 1896ರಿಂದ ಪ್ರಧಾನಮಂತ್ರಿಯಾಗಿದ್ದ ಸರ್ ವಿಲ್ಫ್ರಿಡ್ ಲೋರಿಯೆಯು 1910ರ ಬೇಸಗೆಯಲ್ಲಿ ಪಶ್ಚಿಮ ಪ್ರಾಂತಗಳಲ್ಲಿ ಸಂಚರಿಸಿದಾಗ ಹೋದಲ್ಲೆಲ್ಲ ಈ ದೂರನ್ನೇ ಕೇಳಿದನು. ಅದೇ ವರ್ಷದ ಡಿಸೆಂಬರಿನಲ್ಲಿ ನೂರಾರು ಮಂದಿ ರೈತರು ರಾಜಧಾನಿಯಾದ ಆಟವಾಕ್ಕೆ ಬಂದು ತಮ್ಮ ಬಿನ್ನಹವನ್ನು ಪಾರ್ಲಿಮೆಂಟಿನ ಮುಂದಿಟ್ಟರು.

ಅತ್ತ ಅಮೆರಿಕದಲ್ಲಿಯೂ ಕಾಲವು ಅನುಕೂಲವಾಗಿತ್ತು. 1909ರ ಸುಂಕದ ಕಾಯಿದೆಯಿಂದ ಅಧ್ಯಕ್ಷ ಟ್ಯಾಫ್ಟನು ತನ್ನ ಪಕ್ಷದಲ್ಲಿಯೇ ನಿಂದೆಗೆ ಗುರಿಯಾಗಿದ್ದನು; ನೆರೆಯ ದೇಶದೊಡನೆ ಒಂದು ಉದಾರವಾದ ಕರಾರನ್ನು ಮಾಡಿಕೊಳ್ಳುವುದು ಅವನಿಗೂ ಬೇಕಾಗಿತ್ತು. ಮಾತುಕತೆಗಳು ಬೇಗನೆ ಮುಗಿದು, 1911ನೆಯ ಜನವರಿ 26ರಂದು ಅರ್ಥಸಚಿವ ಫೀಲ್ಡಿಂಗನು ಒಡಂಬಡಿಕೆಯ ವಿವರಗಳನ್ನು ಸಭೆಯ ಮುಂದೆ ಓದಿದನು. ಧಾನ್ಯ, ಹಣ್ಣು, ತರಕಾರಿ, ಹಾಲಿನ ಪದಾರ್ಥ, ಜಾನುವಾರು, ಮೀನು ಮೊದಲಾದವುಗಳಿಗೆ ಎರಡು ಕಡೆಯಲ್ಲಿಯೂ ಸುಂಕವಿಲ್ಲ. ಬೇಸಾಯದ ಉಪಕರಣಗಳೇ ಮೊದಲಾದ ಕೆಲವು ತಯಾರಿಕೆಗಳಿಗೆ ಸುಂಕವು ಕಡಿಮೆ. ಉಳಿದ ಕಾರ್ಖಾನೆಯ ಸರಕುಗಳನ್ನು ಬಹುಮಟ್ಟಿಗೆ ಮುಟ್ಟಿರಲಿಲ್ಲ. ಅರ್ಧ ಶತಮಾನದಿಂದ ಕೆನಡಾ ದೇಶದ ಮುಖಂಡರು ಬೇಡುತ್ತಿದ್ದುದೇ ಕೈಗೆ ಬಂದಂತಾಯಿತು. ಲಿಬರಲ್ಲರು ಹರ್ಷಿಸಿದರು. ರಾಬರ್ಟ್ ಬೋರ್ಡನನ ಮುಖಂಡತ್ವದ ಕನ್ಸರ್ವೆಟಿವ್ ಪಕ್ಷದವರು ತಮಗಿನ್ನು ಸೋಲೇ ಗತಿಯೆಂದು ಕಂಗೆಟ್ಟರು. ಎಂಟು ತಿಂಗಳಲ್ಲಿ ಇದೆಲ್ಲ ತಲೆಕೆಳಗಾಯಿತು.

ಇದಕ್ಕೆ ಮೊದಲನೆಯ ಕಾರಣವು ಸ್ವಾರ್ಥದ ಭೀತಿ. ಕಾರ್ಖಾನೆಗಳ ಒಡೆಯರಿಗೆ ಒಡಂಬಡಿಕೆಯಿಂದ ಪ್ರತ್ಯಕ್ಷವಾದ ಹಾನಿಯು ಹೆಚ್ಚಾಗಿರಲಿಲ್ಲ. ಆದರೆ ಇಂದು ಗೋದಿಗೆ ತೆರೆದ ಬಾಗಿಲು ನಾಳೆ ಬಟ್ಟೆಗೂ ಕಬ್ಬಿಣಕ್ಕೂ ತೆರೆಯದಿದ್ದೀತೆ ಎಂದು ಅವರು ಶಂಕಿಸಿದರು. ಪೂರ್ವ ಪಶ್ಚಿಮದ ಸಾಗಣೆಯನ್ನೇ ನಂಬಿ ಹಣವನ್ನು ಸುರಿದಿದ್ದ ರೈಲು ಕಂಪೆನಿಗಳಿಗೂ ಬ್ಯಾಂಕುಗಳಿಗೂ ಧಾನ್ಯವು ದಕ್ಷಿಣಕ್ಕೆ ತಿರುಗುವುದೆಂಬ ಚಿಂತೆ ಹತ್ತಿತು. ಫೆಬ್ರವರಿ 20ರಂದು ಟೊರಾಂಟೊ ನಗರದ ಹದಿನೆಂಟು ಮಂದಿ ಪ್ರಮುಖರು ಒಡಂಬಡಿಕೆಯನ್ನು ಖಂಡಿಸಿ ಪ್ರಕಟನೆಯೊಂದನ್ನು ಹೊರಡಿಸಿದರು. ಇವರೆಲ್ಲ ಲೋರಿಯೆಯ ಪಕ್ಷದವರೇ ಎಂಬುದು ಗಮನಾರ್ಹ. ಕೆಲವೇ ದಿನಗಳಲ್ಲಿ ಅವನ ಹಿಂದಿನ ಸಚಿವ ಕ್ಲಿಫರ್ಡ್ ಸಿಫ್ಟನ್ನನೂ ಪಕ್ಷವನ್ನು ಬಿಟ್ಟನು. ಪಶ್ಚಿಮಕ್ಕೆ ಒಕ್ಕಲುಗಳನ್ನು ಕರೆತರುವ ಕಾರ್ಯದಲ್ಲಿ ಅಗ್ರಗಣ್ಯನಾಗಿದ್ದವನೇ ಆ ಒಕ್ಕಲುಗಳು ಬಯಸಿದ ಒಡಂಬಡಿಕೆಗೆ ಎದುರಾಗಿ ನಿಂತನು.

ಆದರೆ ಕಾರ್ಖಾನೆಯ ಒಡೆಯನ ಭೀತಿಗಾಗಿ ಸಾಮಾನ್ಯ ಮತದಾರನು ಮತವನ್ನು ಕೊಡಲಾರನು. ಆ ಭೀತಿಯು ದೇಶಾಭಿಮಾನದ ವೇಷವನ್ನು ಧರಿಸಬೇಕಾಗಿತ್ತು. ಆ ವೇಷವನ್ನು ಹೊಲಿದುಕೊಟ್ಟವರು ಅಮೆರಿಕದವರೇ. ಫೆಬ್ರವರಿ ತಿಂಗಳಲ್ಲಿ ಪ್ರತಿನಿಧಿಸಭೆಯ ಅಧ್ಯಕ್ಷನಾಗಲಿದ್ದ ಚಾಂಪ್ ಕ್ಲಾರ್ಕನು, ಉತ್ತರಧ್ರುವದವರೆಗೆ ಬ್ರಿಟಿಷರ ವಶದಲ್ಲಿರುವ ಅಂಗುಲ ಅಂಗುಲ ನೆಲದ ಮೇಲೆಯೂ ಅಮೆರಿಕದ ಬಾವುಟವು ಹಾರುವ ದಿನವನ್ನು ಕಾಣಲು ತಾನು ಆಶಿಸುವುದಾಗಿ ಭಾಷಣ ಮಾಡಿದನು. ಕೆನಡಾ ದೇಶವು ಕವಲುದಾರಿಯಲ್ಲಿ ನಿಂತಿದೆಯೆಂದು ಟ್ಯಾಫ್ಟನು ಆಡಿದ ಮಾತು, ಸಾಮ್ರಾಜ್ಯವನ್ನು ಬಿಟ್ಟು ಬಾ ಎಂಬ ಕರೆಯಂತೆ ಕೇಳಿಸಿತು. ಈ ಶಂಕೆಯು ತೀರ ನಿರಾಧಾರವೂ ಆಗಿರಲಿಲ್ಲ. ಒಡಂಬಡಿಕೆಯು ಕೆನಡಾವನ್ನು ಅಮೆರಿಕದ ಅನುಬಂಧವನ್ನಾಗಿ ಮಾಡುವುದೆಂದು ಟ್ಯಾಫ್ಟನು 1911ರ ಜನವರಿಯಲ್ಲಿ ಥಿಯೊಡೋರ್ ರೂಸ್‌ವೆಲ್ಟನಿಗೆ ಬರೆದಿದ್ದ ಕಾಗದವು ಚುನಾವಣೆಯು ಮುಗಿದ ಮರುವರ್ಷ ಬಯಲಾಯಿತು. ಇಂಗ್ಲೆಂಡಿನಿಂದ ಕವಿ ಕಿಪ್ಲಿಂಗನು ಮಾಂಟ್ರಿಯಲ್ ನಗರದ ಪತ್ರಿಕೆಗೆ ಬರೆದು, ಪಣಕ್ಕೆ ಬಿದ್ದಿರುವುದು ದೇಶದ ಆತ್ಮವೆಂದು ಎಚ್ಚರಿಸಿದನು. ಯಾಂಕಿಗಳೊಡನೆ ಕೊಡುಕೊಳೆಯೇ ಬೇಡವೆಂಬ ಘೋಷವು ಊರೂರಿನಲ್ಲಿ ಮೊಳಗಿತು. ಗೋದಿಯ ಬೆಲೆಯನ್ನು ಕುರಿತು ಆರಂಭವಾದ ಚರ್ಚೆಯು ಬಾವುಟವನ್ನು ಕುರಿತ ಚರ್ಚೆಯಾಗಿ ಪರಿಣಮಿಸಿತು. ಬೆಲೆಗೆ ಬೆಲೆಯಿಂದ ಉತ್ತರ ಹೇಳಬಹುದು. ಬಾವುಟಕ್ಕೆ ಬೆಲೆಯಿಂದ ಉತ್ತರ ಹೇಳುವ ಬಗೆಯೆಂತು?

ಫ್ರೆಂಚ್ ಭಾಷೆಯವರ ಕ್ವಿಬೆಕ್ ಪ್ರಾಂತದ ಸ್ಥಿತಿಯೇ ಬೇರೆ. ಅಲ್ಲಿ ಸುಂಕದ ಮಾತು ಹಿಂದೆ ಸರಿದು ನೌಕಾಬಲದ ಮಾತು ಮುಂದೆ ನಿಂತಿತ್ತು. 1910ರಲ್ಲಿ ಲೋರಿಯೆಯು ಕೆನಡಾ ದೇಶಕ್ಕೊಂದು ಸಣ್ಣ ನೌಕಾಬಲವನ್ನು ಕಟ್ಟಲು ಕಾಯಿದೆಯನ್ನು ಮಾಡಿದ್ದನು. ಅದು ಫ್ರೆಂಚ್ ಕುಲದ ಮಕ್ಕಳನ್ನು ಬ್ರಿಟನ್ನಿನ ಯುದ್ಧಗಳಿಗೆ ಎಳೆದೊಯ್ಯುವ ಉಪಾಯವೆಂದು ಆನ್ರಿ ಬುರಾಸನು ತನ್ನ ಪತ್ರಿಕೆಯಲ್ಲಿಯೂ ಸಭೆಗಳಲ್ಲಿಯೂ ವಾದಿಸಿದನು. ಆಂಟೇರಿಯೋ ಪ್ರಾಂತದಲ್ಲಿ ಅದೇ ನೌಕಾಬಲವು ಬ್ರಿಟನ್ನಿಗೆ ಸಾಲದೆಂದು ನಿಂದೆ. ಹೀಗೆ ಒಂದೇ ಮನುಷ್ಯನು ಒಂದು ಪ್ರಾಂತದಲ್ಲಿ ಆಂಗ್ಲರಿಗೆ ದ್ರೋಹಿಯೆಂದೂ ಮತ್ತೊಂದರಲ್ಲಿ ಫ್ರೆಂಚರಿಗೆ ದ್ರೋಹಿಯೆಂದೂ ಕರೆಯಿಸಿಕೊಂಡನು. ಈ ವಿಪರೀತವನ್ನು ಅವನು ತಾನೇ ವೇದಿಕೆಯ ಮೇಲೆ ಹೇಳಿಕೊಂಡು ಮರುಗಿದನು. ಪರಸ್ಪರ ವಿರುದ್ಧರಾದ ಎರಡು ಪಂಗಡಗಳು ಒಬ್ಬನನ್ನೇ ಕೆಡಹಲು ಒಂದಾದುವು.

ಇವುಗಳ ಜೊತೆಗೆ ಕಾಲವಿಳಂಬವೂ ಸೇರಿತು. ಒಡಂಬಡಿಕೆಯು ಪ್ರಕಟವಾದೊಡನೆಯೇ ಚುನಾವಣೆಯು ನಡೆದಿದ್ದರೆ ಜನರ ಮೊದಲ ಹರ್ಷವು ಲೋರಿಯೆಗೆ ನೆರವಾಗುತ್ತಿತ್ತೇನೋ. ಆದರೆ ವಿರೋಧಪಕ್ಷದವರು ಮಾತಿಗೆ ಮಾತು ಬೆಳೆಸಿ ಮಸೂದೆಯನ್ನು ತಡೆದರು. ನಡುವೆ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕಾಗಿಯೂ ಸಾಮ್ರಾಜ್ಯ ಪರಿಷತ್ತಿಗಾಗಿಯೂ ಲೋರಿಯೆಯು ಲಂಡನ್ನಿಗೆ ಹೋದನು. ಅಮೆರಿಕದ ಶಾಸನಸಭೆಯು ಜುಲೈ ತಿಂಗಳಲ್ಲಿ ತನ್ನ ಒಪ್ಪಿಗೆಯನ್ನು ಕೊಟ್ಟಿತು. ಕೆನಡಾ ಪಾರ್ಲಿಮೆಂಟಿನಲ್ಲಿ ಮಾತ್ರ ಮಾತು ಮುಗಿಯಲಿಲ್ಲ. ಕೊನೆಗೆ ಜುಲೈ 29ರಂದು ಪಾರ್ಲಿಮೆಂಟು ವಿಸರ್ಜಿತವಾಯಿತು. ಲಾಭದ ಆಸೆಯು ದಿನ ಕಳೆದಂತೆ ಹಳತಾಗುವುದು. ಭಯವು ದಿನ ಕಳೆದಂತೆ ಬೆಳೆಯುವುದು.

ಸೆಪ್ಟೆಂಬರ್ 21ರಂದು ಚುನಾವಣೆಯು ನಡೆಯಿತು. 221 ಸ್ಥಾನಗಳಲ್ಲಿ ಲಿಬರಲ್ಲರಿಗೆ 85 ಮಾತ್ರ ಉಳಿದವು. 1908ರಲ್ಲಿ 85 ಸ್ಥಾನಗಳು ಬಂದಿದ್ದುದು ಕನ್ಸರ್ವೆಟಿವ್ ಪಕ್ಷಕ್ಕೆ. ತಕ್ಕಡಿಯು ಅಷ್ಟು ಸಮನಾಗಿ ಮಗುಚಿತು. ಕಾರ್ಖಾನೆಗಳ ನೆಲೆಯಾದ ಆಂಟೇರಿಯೋ ಪ್ರಾಂತದ 86 ಸ್ಥಾನಗಳಲ್ಲಿ ಲೋರಿಯೆಗೆ ದಕ್ಕಿದುವು 13. ಕ್ವಿಬೆಕ್ ಪ್ರಾಂತದ 65ರಲ್ಲಿ ಹಿಂದೆ ಐವತ್ತಕ್ಕೆ ಮಿಕ್ಕಿದ್ದ ಅವನ ಬಲವು ನಲವತ್ತಕ್ಕಿಂತ ಕೆಳಗಿಳಿಯಿತು. ಒಡಂಬಡಿಕೆಗೆ ಸಹಿ ಮಾಡಿಬಂದ ಫೀಲ್ಡಿಂಗ್ ಮತ್ತು ಪ್ಯಾಟರ್‌ಸನ್ ಎಂಬ ಸಚಿವರಿಬ್ಬರೂ ಸ್ವಂತ ಕ್ಷೇತ್ರಗಳಲ್ಲಿಯೇ ಸೋತರು. ಗೋದಿಯ ಸೀಮೆಯಾದ ಸಸ್ಕಾಚವಾನ್ ಮತ್ತು ಆಲ್ಬರ್ಟಾ ಪ್ರಾಂತಗಳು ಮಾತ್ರ ತಮ್ಮ 17 ಸ್ಥಾನಗಳಲ್ಲಿ 15ನ್ನು ಅವನಿಗೇ ಕೊಟ್ಟವು. ಆದರೆ ಪಕ್ಕದ ಮ್ಯಾನಿಟೋಬಾ ಪ್ರಾಂತದಲ್ಲಿ, ಅಲ್ಲಿಯೂ ಗೋದಿಯೇ ಬೆಳೆಯಾಗಿದ್ದರೂ, ಜಯವು ಎದುರು ಪಕ್ಷಕ್ಕಾಯಿತು. ಹೊಟ್ಟೆಯ ಹಿತವೊಂದೇ ಮತವನ್ನು ನಡೆಸುವುದಾದರೆ ಹೀಗಾಗುತ್ತಿರಲಿಲ್ಲ.

ಈ ಸೋಲನ್ನೆಲ್ಲ ಒಡಂಬಡಿಕೆಯ ತಲೆಗೇ ಕಟ್ಟುವುದು ಯುಕ್ತವಲ್ಲ. ಲಿಬರಲ್ಲರಿಗೂ ನೂರಕ್ಕೆ ನಲವತ್ತೈದಕ್ಕಿಂತ ಹೆಚ್ಚು ಮತಗಳು ಬಿದ್ದಿದ್ದವು. ಹದಿನೈದು ವರ್ಷಗಳ ಆಡಳಿತದ ಮೇಲೆ ಜನರಿಗೆ ಬೇಸರವೂ ಹುಟ್ಟಿತ್ತು. ಚುನಾವಣೆಯಲ್ಲಿ ಪ್ರಶ್ನೆಯೊಂದನ್ನೇ ಇಟ್ಟರೂ ಪ್ರಜೆಗಳು ಹಲವು ಪ್ರಶ್ನೆಗಳಿಗೆ ಒಮ್ಮೆಲೆ ಉತ್ತರ ಕೊಡುವರು. ಆ ಉತ್ತರಗಳನ್ನು ಬಿಡಿಸಿ ನೋಡುವ ಉಪಾಯವು ಮತದ ಪೆಟ್ಟಿಗೆಯಲ್ಲಿಲ್ಲ. ಮತ್ತೊಂದು ಅಂಶವನ್ನೂ ಇಲ್ಲಿ ನೆನೆಯಬೇಕು. ಅಗ್ಗವಾದ ಹಣ್ಣು ತರಕಾರಿಗಳ ಪ್ರಯೋಜನವನ್ನು ದಿನದಿನವೂ ಅರಿಯತಕ್ಕವರು ಮನೆಯ ಸಂಸಾರವನ್ನು ತೂಗಿಸುವ ಸ್ತ್ರೀಯರು; ಅವರಿಗೆ ಆಗ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಒಡಂಬಡಿಕೆಯ ಲಾಭವು ಲಕ್ಷಾಂತರ ಮನೆಗಳಲ್ಲಿ ಚೂರುಚೂರಾಗಿ ಹಂಚಿಹೋಗುವಂಥದು, ಮುಂದೆ ಬರುವಂಥದು. ಅದರ ಹಾನಿಯ ಶಂಕೆಯಾದರೋ ಕೆಲವರಲ್ಲಿ ಗಟ್ಟಿಯಾಗಿ ನೆಲೆಸಿದ್ದು, ಆ ಕೆಲವರ ಕೈಯಲ್ಲಿ ಹಣವೂ ಪತ್ರಿಕೆಗಳೂ ಇದ್ದುವು. ಹೀಗಿರಲು ಯಾವುದರ ದನಿಯು ದೊಡ್ಡದಾಗಿ ಕೇಳಿಸಿತೆಂಬುದನ್ನು ಹೇಳಬೇಕಾದುದಿಲ್ಲ.

ಇದರಿಂದ ನೊಂದವರು ರೈತರು. 1913ರಲ್ಲಿ ಅಮೆರಿಕವು ತನ್ನ ಕಾಯಿದೆಯಿಂದ ತಾನಾಗಿಯೇ ಅನೇಕ ಸುಂಕಗಳನ್ನು ಇಳಿಸಿದುದರಿಂದ ಅವರಿಗೆ ಸ್ವಲ್ಪ ಸಮಾಧಾನವಾಯಿತಾದರೂ, ತಮ್ಮ ಬಿನ್ನಹವನ್ನು ಪೂರ್ವದ ನಗರಗಳು ತುಳಿದುವೆಂಬ ವ್ಯಥೆಯು ಅಳಿಯಲಿಲ್ಲ. ಅದು 1921ರ ಚುನಾವಣೆಯಲ್ಲಿ ಹೊಸದೊಂದು ಪಕ್ಷವಾಗಿ ತಲೆಯೆತ್ತಿತು; ರೈತರ ಆ 'ಪ್ರೊಗ್ರೆಸಿವ್' ಪಕ್ಷವು ಸ್ಥಾನಗಳ ಎಣಿಕೆಯಲ್ಲಿ ಎರಡನೆಯದಾಗಿ ನಿಂತಿತು. ಅಮೆರಿಕದೊಡನೆ ವ್ಯಾಪಾರದ ಕರಾರೊಂದು ಏರ್ಪಡಲು 1935ನೆಯ ಇಸವಿಯವರೆಗೆ ಕಾಯಬೇಕಾಯಿತು.

ಚರಿತ್ರೆಯ ವಿನೋದವನ್ನು 1988ರಲ್ಲಿ ಕಾಣಬಹುದು. ಆಗ ಅಮೆರಿಕದೊಡನೆ ಮುಕ್ತ ವ್ಯಾಪಾರದ ಒಡಂಬಡಿಕೆಯನ್ನು ತಂದವನು ಮ್ಯಾಕ್‌ಡೊನಾಲ್ಡ್ ಮತ್ತು ಬೋರ್ಡನರ ಪಕ್ಷಕ್ಕೆ ಸೇರಿದ ಬ್ರಯನ್ ಮಲ್ರೋನಿ. ದೇಶವು ಮಾರಿಹೋಗುವುದೆಂದು ಕೂಗಿದವನು ಲೋರಿಯೆಯ ಪಕ್ಷದ ಜಾನ್ ಟರ್ನರ್. ವಾದಗಳು ಅವೇ, ಬಾಯಿಗಳು ಮಾತ್ರ ಅದಲುಬದಲಾಗಿದ್ದವು. ನವೆಂಬರ್ 21ರ ಚುನಾವಣೆಯಲ್ಲಿ ಮಲ್ರೋನಿಗೆ ಬಿದ್ದ ಮತವು ನೂರಕ್ಕೆ 43. ಒಡಂಬಡಿಕೆಯನ್ನು ವಿರೋಧಿಸಿದ ಎರಡು ಪಕ್ಷಗಳಿಗೆ ಒಟ್ಟಾಗಿ ಅರ್ಧಕ್ಕಿಂತ ಹೆಚ್ಚು ಬಿದ್ದುವು. ಆದರೂ ವಿರೋಧವು ಎರಡಾಗಿ ಒಡೆದಿದ್ದ ಕಾರಣ 295 ಸ್ಥಾನಗಳಲ್ಲಿ 169 ಅವನವಾದುವು. 1989ರ ಜನವರಿ 1ರಿಂದ ಒಡಂಬಡಿಕೆಯು ಜಾರಿಗೆ ಬಂದಿತು. 1911ರಲ್ಲಿ ವಿರೋಧಿಗಳು ಒಂದಾದುದರಿಂದ ಒಡಂಬಡಿಕೆಯು ಬಿದ್ದಿತು, 1988ರಲ್ಲಿ ಅವರು ಎರಡಾದುದರಿಂದ ಅದು ಗೆದ್ದಿತು. 2025ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪನು ಸುಂಕವನ್ನೇರಿಸಿ, ಕೆನಡಾ ತನ್ನ ದೇಶದ ಐವತ್ತೊಂದನೆಯ ಸಂಸ್ಥಾನವಾಗಲೆಂದು ಆಡಿದಾಗಲೂ, ಸೋಲುವುದೇ ನಿಶ್ಚಯವೆನಿಸಿದ್ದ ಲಿಬರಲ್ ಪಕ್ಷವು ಮಾರ್ಕ್ ಕಾರ್ನಿಯ ಮುಖಂಡತ್ವದಲ್ಲಿ ಏಪ್ರಿಲ್ 28ರ ಚುನಾವಣೆಯನ್ನು ಗೆದ್ದಿತು. ಕ್ಲಾರ್ಕನ ಮಾತು ಲೋರಿಯೆಯನ್ನು ಕೆಡಹಿದಂತೆ, ಟ್ರಂಪನ ಮಾತು ಅವನ ಪಕ್ಷವನ್ನು ಎತ್ತಿತು.

ಇವುಗಳನ್ನೆಲ್ಲ ಪರ್ಯಾಲೋಚಿಸಿದರೆ, ಪ್ರಜೆಗಳು ಲೆಕ್ಕವನ್ನರಿಯದ ಮೂಢರೆಂಬ ನಿರ್ಣಯಕ್ಕೆ ಬರುವುದು ಅವಿಚಾರವಾಗುವುದು. ಒಡಂಬಡಿಕೆಯೆಂಬುದು ಮತದಾರನಿಗೆ ಎರಡು ಪ್ರಶ್ನೆಗಳನ್ನು ಹಾಕುತ್ತದೆ: ನಿನಗೆ ದೊರೆಯುವುದೇನು? ನೀನು ಯಾರಾಗಿ ಉಳಿಯುವೆ? ಮಂತ್ರಿಗಳು ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಬರೆದು ತರುವರು. ಜನರು ಎರಡನೆಯದಕ್ಕೂ ಉತ್ತರವನ್ನು ಕೇಳುವರು. ಲೋರಿಯೆಯ ಬಳಿಯಲ್ಲಿ ಮೊದಲನೆಯ ಉತ್ತರವು ಸಮರ್ಪಕವಾಗಿತ್ತು. ಎರಡನೆಯದನ್ನು ಅವನು ಹೇಳಿ ಮುಗಿಸುವ ಮೊದಲೇ ಎದುರಾಳಿಗಳು ಹೇಳಿಬಿಟ್ಟಿದ್ದರು.