ಪವರ್ ಟಿಲ್ಲರ್ ಇಂಜಿನ್ ಪದೇ ಪದೇ ನಿಂತುಹೋಗುವುದು: ಕಾರಣಗಳು ಹಾಗೂ ಪರಿಹಾರ ಕ್ರಮಗಳು

ಭತ್ತದ ಗದ್ದೆಯನ್ನು ಕೆಸರು ಮಾಡುವ ದಿನಗಳಲ್ಲಿಯೇ ಪವರ್ ಟಿಲ್ಲರ್ ಇಂಜಿನ್ ನಿಂತುಹೋಗುವ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ. ಸಸಿಮಡಿ ಸಿದ್ಧವಿದ್ದು, ಕಾಲುವೆ ನೀರಿನ ಸರದಿ ಬಂದಿರುವಾಗ ಯಂತ್ರವು ಎರಡು ದಿನ ನಿಂತರೂ ನಾಟಿ ಹಿಂದೆ ಬೀಳುತ್ತದೆ. ಈ ಆತುರದಲ್ಲಿ ಫ್ಯೂಯಲ್ ಪಂಪನ್ನೇ ಬಿಚ್ಚಿಸುವುದು ರೂಢಿಯಲ್ಲಿದ್ದು, ಅನೇಕ ಪ್ರಕರಣಗಳಲ್ಲಿ ಅದು ಅನಗತ್ಯ ವೆಚ್ಚವೇ ಸರಿ. ದೋಷವು ಸಾಮಾನ್ಯವಾಗಿ ಪಂಪಿಗೆ ಡೀಸೆಲ್ ಬರುವ ಮಾರ್ಗದಲ್ಲಿರುತ್ತದೆ. ಆದುದರಿಂದ ಇಂಜಿನ್ ಯಾವ ರೀತಿಯಲ್ಲಿ ನಿಂತಿತು ಎಂಬುದನ್ನು ಮೊದಲು ಗಮನಿಸತಕ್ಕದ್ದು. ಇಲ್ಲಿನ ಮಾಹಿತಿಯು ಒಂದೇ ಸಿಲಿಂಡರಿನ, ನೀರಿನಿಂದ ತಂಪಾಗುವ ಡೀಸೆಲ್ ಇಂಜಿನ್‌ಗಳಿಗೆ ಅನ್ವಯಿಸುತ್ತದೆ.

ಶಬ್ದ ಏರಿಳಿದು, ನಿಧಾನವಾಗಿ ನಿಂತಲ್ಲಿ

ಇದು ಡೀಸೆಲ್ ಸಾಕಷ್ಟು ತಲುಪದಿರುವುದರ ಲಕ್ಷಣ. ಹತ್ತು ಹದಿನೈದು ನಿಮಿಷ ಸರಿಯಾಗಿ ನಡೆದು ನಿಂತು, ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಸರಿಹೋಗುತ್ತಿದ್ದಲ್ಲಿ ಟ್ಯಾಂಕಿನ ಮುಚ್ಚಳವನ್ನು ಪರೀಕ್ಷಿಸಬೇಕು. ಮುಚ್ಚಳದಲ್ಲಿರುವ ಗಾಳಿರಂಧ್ರ ಕೆಸರಿನಿಂದ ಮುಚ್ಚಿಹೋದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಡೀಸೆಲ್ ಕೆಳಗಿಳಿಯುವುದಿಲ್ಲ. ಮುಚ್ಚಳ ತಿರುಗಿಸಿದಾಗ ಗಾಳಿ ಎಳೆದುಕೊಳ್ಳುವ ಸದ್ದು ಕೇಳಿಸಿದರೆ ಕಾರಣ ದೊರೆತಂತೆಯೇ. ಸಣ್ಣ ತಂತಿಯಿಂದ ರಂಧ್ರವನ್ನು ಶುಚಿಗೊಳಿಸಿದರೆ ಸಾಕು. ಮುಚ್ಚಳ ತೆಗೆದಿಟ್ಟು ಉಳುಮೆ ಮುಂದುವರಿಸಬಾರದು. ಕೆಸರು ನೀರು ಟ್ಯಾಂಕಿಗೆ ಸಿಡಿಯುತ್ತದೆ.

ರಂಧ್ರ ಸರಿಯಿದ್ದಲ್ಲಿ ಡೀಸೆಲ್ ಫಿಲ್ಟರ್ ನೋಡಬೇಕು. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲ್‌ನ ತಳದಲ್ಲಿ ನೀರು ಹಾಗೂ ಗಸಿ ನಿಂತಿರುತ್ತದೆ. ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದಿಟ್ಟರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ. ನೀರು ಕಂಡುಬಂದಲ್ಲಿ ಟ್ಯಾಂಕನ್ನು ಪೂರ್ಣ ಖಾಲಿ ಮಾಡಿ, ಹೊಸ ಡೀಸೆಲನ್ನು ಬಟ್ಟೆ ಅಥವಾ ಜಾಲರಿಯಲ್ಲಿ ಸೋಸಿ ತುಂಬಬೇಕು.

ಫಿಲ್ಟರ್ ಬಿಚ್ಚಿದಾಗ ಅಥವಾ ಟ್ಯಾಂಕು ಪೂರ್ತಿ ಬರಿದಾದಾಗ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಇದನ್ನು ಮೆಕ್ಯಾನಿಕ್‌ಗಳು ಏರ್ ಲಾಕ್ ಎನ್ನುತ್ತಾರೆ. ಟ್ಯಾಂಕಿನ ಕಾಕ್ ತೆರೆದು, ಫಿಲ್ಟರ್ ಬಳಿಯ ಸ್ಕ್ರೂವನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಗೊಳಿಸಬೇಕು. ನಂತರ ಪಂಪಿನ ಬಳಿಯೂ ಇದೇ ರೀತಿ ಮಾಡುವುದು. ಸ್ಕ್ರೂಗಳ ಸ್ಥಾನ ಪ್ರತಿ ಮಾದರಿಯಲ್ಲೂ ಬೇರೆ ಇರುವುದರಿಂದ ಯಂತ್ರದೊಂದಿಗೆ ನೀಡಿದ ಕೈಪಿಡಿಯನ್ನು ನೋಡತಕ್ಕದ್ದು. ನಾಜಲ್‌ನಿಂದ ಚಿಮ್ಮುವ ಡೀಸೆಲ್‌ಗೆ ಯಾವ ಕಾರಣಕ್ಕೂ ಕೈ ಒಡ್ಡಬಾರದು. ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಗಾಯ ಸೂಜಿಮೊನೆಯಷ್ಟೇ ಇದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಪ್ಪು ಹೊಗೆ ಬಂದು ನಿಂತಲ್ಲಿ

ಹೊರೆ ಹೆಚ್ಚಾಗಿರುವುದು ಅಥವಾ ಗಾಳಿ ಸಾಲದಿರುವುದು ಕಾರಣ. ಇಂಜಿನ್ ನಿಲ್ಲಿಸಿದ ಮೇಲಷ್ಟೇ ರೋಟರಿ ಬ್ಲೇಡುಗಳಿಗೆ ಸುತ್ತಿಕೊಂಡ ಹುಲ್ಲು, ಕಳೆಗಳನ್ನು ತೆಗೆಯಬೇಕು. ಆಳವನ್ನು ಕಡಿಮೆ ಮಾಡಿ, ಕೆಳಗಿನ ಗೇರಿನಲ್ಲಿ ನಡೆಸಿ ನೋಡುವುದು. ಏರ್ ಕ್ಲೀನರ್ ಆಯಿಲ್ ಮಾದರಿಯದಾಗಿದ್ದಲ್ಲಿ ಅದರ ಬಟ್ಟಲಿನಲ್ಲಿ ಕೆಸರು ತುಂಬಿದೆಯೇ ಎಂದು ನೋಡಿ, ತೊಳೆದು, ಗುರುತಿನವರೆಗೆ ಮಾತ್ರ ಆಯಿಲ್ ಹಾಕಬೇಕು.

ಬಿಸಿಯೇರಿ ನಿಂತಲ್ಲಿ

ಕೂಡಲೇ ಮತ್ತೆ ಚಾಲನೆ ಮಾಡಬಾರದು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯುವುದಾಗಲಿ, ತಣ್ಣೀರು ಸುರಿಯುವುದಾಗಲಿ ಅಪಾಯಕರ. ತಣಿದ ಬಳಿಕ ನೀರನ್ನೂ, ಸಮತಟ್ಟಾದ ಜಾಗದಲ್ಲಿ ಇಂಜಿನ್ ಆಯಿಲ್ ಮಟ್ಟವನ್ನೂ ಪರೀಕ್ಷಿಸಬೇಕು. ಡಿಕಂಪ್ರೆಷನ್ ಲಿವರ್ ಒತ್ತಿದರೂ ಹ್ಯಾಂಡಲ್ ತಿರುಗದಿದ್ದಲ್ಲಿ ಇಂಜಿನ್ ಒಳಗೆ ಹಿಡಿದುಕೊಂಡಿರುವ ಸಂಭವವಿದ್ದು, ಬಲವಂತ ಮಾಡದೆ ಮೆಕ್ಯಾನಿಕ್‌ಗೆ ಒಪ್ಪಿಸುವುದು. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು. ಹಿಮ್ಮುಖವಾಗಿ ಒದೆದಾಗ ಮುರಿಯುವುದು ಹೆಬ್ಬೆರಳೇ.

ದುರಸ್ತಿಗೆ ಸಂಬಂಧಿಸಿದಂತೆ

ಸಹಾಯಧನದಲ್ಲಿ ಪಡೆದ ಯಂತ್ರಕ್ಕೆ ವಾರಂಟಿ ಇರುವ ಅವಧಿಯಲ್ಲಿ ಪಂಪಿನ ಸೀಲನ್ನು ಹೊರಗಿನವರಿಂದ ಒಡೆಸಿದಲ್ಲಿ ಉಚಿತ ದುರಸ್ತಿಯ ಹಕ್ಕು ಕೈತಪ್ಪಬಹುದು. ಮಾರಾಟಗಾರರಿಗೆ ದೂರು ನೀಡುವಾಗ ಇಂಜಿನ್ ಸಂಖ್ಯೆ, ಖರೀದಿ ಬಿಲ್ಲು ಹಾಗೂ ವಾರಂಟಿ ಕಾರ್ಡಿನ ಪ್ರತಿಯನ್ನು ಲಗತ್ತಿಸಿ, ಲಿಖಿತ ಸ್ವೀಕೃತಿ ಪಡೆಯಬೇಕು. ಸ್ಪಂದನೆ ದೊರೆಯದಿದ್ದಲ್ಲಿ ಅದೇ ಸ್ವೀಕೃತಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಬಾಡಿಗೆಗೆ ಪಡೆದ ಯಂತ್ರವಾಗಿದ್ದಲ್ಲಿ ಸ್ವತಃ ಬಿಚ್ಚದೆ, ಯಂತ್ರ ನಿಂತ ಸಮಯವನ್ನು ಬರೆದಿಟ್ಟುಕೊಂಡು ಬಾಡಿಗೆ ಕೇಂದ್ರಕ್ಕೆ ಆಗಲೇ ತಿಳಿಸತಕ್ಕದ್ದು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ನೀಡುವವರಿಗೆ ಇದು ಮುಖ್ಯ.