ಬೀದಿಗಿಳಿದ ಉಲ್ಲನ್ ಹೆಣಿಗೆ

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಮಗ್ದಾ ಸಯೆಗ್ 2005ರಲ್ಲಿ ತಮ್ಮ ಅಂಗಡಿಯ ಬಾಗಿಲ ಹಿಡಿಕೆಗೆ ಉಲ್ಲನ್ನಿನ ಪುಟ್ಟದೊಂದು ಕವಚ ಹೆಣೆದು ತೊಡಿಸಿದರು. ದಾರಿಹೋಕರು ಅದನ್ನು ನಿಂತು ನೋಡಿ, ಮುಟ್ಟಿ, ವಿಚಾರಿಸತೊಡಗಿದರು. ಅನಂತರ ರಸ್ತೆಯ 'ಸ್ಟಾಪ್' ಫಲಕದ ಕಂಬಕ್ಕೂ ಉಲ್ಲನ್ ಹೊದಿಕೆ ಬಂತು. 'ನಿಟ್ಟಾ' ಎಂಬ ತಂಡ ಹುಟ್ಟಿಕೊಂಡಿತು. ಇಂದು ಯಾರ್ನ್ ಬಾಂಬಿಂಗ್ ಎಂದು ಹೆಸರಾಗಿರುವ ಬೀದಿಕಲೆ ಚಳವಳಿಯ ರೂಪ ಪಡೆದದ್ದು ಹೀಗೆ. ಅದೇ ಊರಿನ ಕಲಾವಿದ ಬಿಲ್ ಡೇವನ್‌ಪೋರ್ಟ್ 1990ರ ದಶಕದಲ್ಲೇ ಕ್ರೋಶ ಹೊದಿಸಿದ ವಸ್ತುಗಳನ್ನು ಪ್ರದರ್ಶಿಸಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಕೆಲಸದ ಕ್ರಮ ಸರಳ. ಕಂಬದ ಎತ್ತರ, ಸುತ್ತಳತೆಯನ್ನು ಟೇಪು ಹಿಡಿದು ಅಳೆದುಕೊಂಡು, ಮನೆಯಲ್ಲೇ ಉದ್ದನೆಯ ಪಟ್ಟಿ ಹೆಣೆಯುತ್ತಾರೆ. ಸ್ಥಳಕ್ಕೆ ಹೋಗಿ ಎರಡೂ ಅಂಚುಗಳನ್ನು ಕೂಡಿಸಿ ದಪ್ಪ ಸೂಜಿಯಲ್ಲಿ ಹೊಲಿದುಬಿಡುತ್ತಾರೆ. ಹೆಣಿಗೆ ಹಿಗ್ಗುವುದರಿಂದ ಪಟ್ಟಿ ಅಳತೆಗಿಂತ ತುಸು ಬಿಗಿಯಾಗಿಯೇ ಇರಬೇಕು. ಸಡಿಲವಾದರೆ ಮಳೆಗೆ ನೆನೆದು, ಭಾರವಾಗಿ, ಬುಡಕ್ಕೆ ಜಾರುತ್ತದೆ. ತೆಗೆಯಲು ಒಂದು ಕತ್ತರಿ ಸಾಕು. ಗೋಡೆಗೆ ಬಳಿದ ಬಣ್ಣದಂತೆ ಉಜ್ಜಿ ಅಳಿಸಬೇಕಿಲ್ಲ.

ಈ ಮೃದುವಾದ ವಸ್ತುವಿಗೆ ಎಂಥ ಗಟ್ಟಿ ದನಿಯಿದೆ ಎಂದು ತೋರಿಸಿದವರು ಡೆನ್ಮಾರ್ಕಿನ ಕಲಾವಿದೆ ಮರಿಯಾನೆ ಯೋರ್ಗೆನ್ಸೆನ್. ಇರಾಕ್ ಯುದ್ಧದಲ್ಲಿ ತಮ್ಮ ದೇಶ ಭಾಗಿಯಾದದ್ದನ್ನು ಪ್ರತಿಭಟಿಸಿ, 2006ರಲ್ಲಿ ಕೋಪನ್‌ಹೇಗನ್ನಿನ ಕಲಾಕೇಂದ್ರವೊಂದರ ಮುಂದೆ ಎರಡನೇ ಮಹಾಯುದ್ಧದ ಕಾಲದ ಶಾಫೀ ಟ್ಯಾಂಕನ್ನು ಅವರು ಪೂರ್ತಿ ಗುಲಾಬಿ ಹೆಣಿಗೆಯಿಂದ ಮುಚ್ಚಿದರು. ಹದಿನೈದು ಸೆಂಟಿಮೀಟರಿನ 4,000ಕ್ಕೂ ಹೆಚ್ಚು ಚೌಕಗಳು ಹಲವು ದೇಶಗಳ ಸ್ವಯಂಸೇವಕರಿಂದ ಬಂದಿದ್ದವು. ಒಬ್ಬೊಬ್ಬರ ಗುಲಾಬಿಯೂ ಬೇರೆ, ಹೆಣಿಗೆಯ ಬಿಗಿಯೂ ಬೇರೆ. ಆ ಹೊಂದದ ಚೌಕಗಳೇ ಟ್ಯಾಂಕಿನ ಮೇಲೆ ಅನೇಕ ಜನರ ಗುರುತಾಗಿ ಕಾಣುತ್ತಿದ್ದವು. ಈ ಕಲೆಯ ಚರಿತ್ರೆಯಲ್ಲಿ ಇದಕ್ಕಿಂತ ಗಟ್ಟಿ ದನಿಯ ಕೃತಿ ಬಂದಿಲ್ಲವೆಂದೇ ಹೇಳಬೇಕು.

ಆಮೇಲೆ ಬೆಳವಣಿಗೆ ವೇಗ ಪಡೆಯಿತು. ಸಯೆಗ್ 2008ರಲ್ಲಿ ಮೆಕ್ಸಿಕೋ ನಗರದಲ್ಲಿ ಇಡೀ ಬಸ್ಸಿಗೇ ಹೆಣಿಗೆ ಹೊದಿಸಿದರು. 2009ರಲ್ಲಿ ವ್ಯಾಂಕೂವರಿನ ಮ್ಯಾಂಡಿ ಮೂರ್ ಮತ್ತು ಲಿಯಾನ್ ಪ್ರೇನ್ ಈ ವಿಷಯದ ಮೇಲೆ ಪುಸ್ತಕವನ್ನೇ ತಂದರು. 2010ರ ಕ್ರಿಸ್‌ಮಸ್ ವೇಳೆಗೆ ಪೋಲೆಂಡ್ ಮೂಲದ ಓಲೆಕ್, ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಗೂಳಿಯ ಪ್ರತಿಮೆಗೆ ಗುಲಾಬಿ, ನೇರಳೆ ಬಣ್ಣದ ಕ್ರೋಶ ಅಂಗಿ ತೊಡಿಸಿದರು. ಅನುಮತಿ ಇರಲಿಲ್ಲ, ಸ್ವಲ್ಪ ಹೊತ್ತಿನಲ್ಲೇ ಅದನ್ನು ಕತ್ತರಿಸಿ ತೆಗೆಯಲಾಯಿತು.

ಒಬ್ಬ ಕಲಾವಿದೆಯ ಸಾಹಸಕ್ಕಿಂತ ಊರೇ ಕೂಡಿ ಹೆಣೆದದ್ದು ಈ ಕಲೆಗೆ ಹೆಚ್ಚು ಒಪ್ಪುತ್ತದೆ. ಮನೆಯೊಳಗೆ ಸ್ವೆಟರು, ಕುಲಾವಿಗಳಲ್ಲೇ ಮುಗಿದುಹೋಗುತ್ತಿದ್ದ ಹೆಂಗಸರ ಕೈಚಳಕಕ್ಕೆ ಬೀದಿಯಲ್ಲಿ ಜಾಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. 2015ರಲ್ಲಿ ಸ್ಕಾಟ್ಲೆಂಡಿನ ಸೆಲ್‌ಕರ್ಕ್ ಪಟ್ಟಣವನ್ನು ಸಿಂಗರಿಸಿದ ತಂಡದಲ್ಲಿ 104 ವರ್ಷದ ಅಜ್ಜಿಯೊಬ್ಬರಿದ್ದರು! ಇಂಗ್ಲೆಂಡಿನ ಸಾಲ್ಟ್‌ಬರ್ನ್ ಕಡಲಕಟ್ಟೆಯ ಕಂಬಿಗಳ ಮೇಲೆ 2012ರ ಒಲಿಂಪಿಕ್ಸ್ ಹೊತ್ತಿಗೆ ಉಲ್ಲನ್ ಕ್ರೀಡಾಪಟುಗಳ ಸಾಲು ಕಾಣಿಸಿಕೊಂಡಿತು. ಬ್ರಿಟನ್ನಿನ ಕೆಂಪು ಅಂಚೆಪೆಟ್ಟಿಗೆಗಳ ನೆತ್ತಿಗೆ ಹೆಣೆದ ಟೊಪ್ಪಿಗೆ ಹಾಕುವ ರೂಢಿ ಕೋವಿಡ್ ಕಾಲದಲ್ಲಿ ಊರೂರಿಗೆ ಹಬ್ಬಿತು.

ಆಕ್ಷೇಪಗಳೂ ಇವೆ, ಅವು ನ್ಯಾಯವಾದವೇ. ಮರಕ್ಕೆ ಸುತ್ತಿದ ಹೆಣಿಗೆ ತಿಂಗಳುಗಟ್ಟಲೆ ಉಳಿದರೆ ತೊಗಟೆಯಲ್ಲಿ ತೇವ ನಿಲ್ಲುತ್ತದೆ. ಸಡಿಲ ನೂಲಿಗೆ ಹಕ್ಕಿಯ ಕಾಲು ಸಿಕ್ಕಿಕೊಳ್ಳಬಹುದು. ಅಕ್ರಿಲಿಕ್ ನೂಲು ಸವೆದರೆ ಪ್ಲಾಸ್ಟಿಕ್ ಎಳೆಗಳು ಮಣ್ಣು ಸೇರುತ್ತವೆ. ಕಟ್ಟಿದವರೇ ಸಕಾಲಕ್ಕೆ ಬಿಚ್ಚಬೇಕು. 2013ರಲ್ಲಿ ಪಿಟ್ಸ್‌ಬರ್ಗಿನ ಆ್ಯಂಡಿ ವಾರ್ಹೋಲ್ ಸೇತುವೆಗೆ ಸಾವಿರಕ್ಕೂ ಮಿಕ್ಕಿದ ಜನ ಕೂಡಿ ನೂರಾರು ಹೆಣಿಗೆ ಪಟಗಳನ್ನು ಕಟ್ಟಿದಾಗ ಅನುಮತಿ ಮೊದಲೇ ಪಡೆದಿದ್ದರು. ಪ್ರದರ್ಶನ ಮುಗಿದ ಮೇಲೆ ಪಟಗಳನ್ನು ಒಗೆದು, ಕಂಬಳಿಗಳಾಗಿ ಅಗತ್ಯವಿದ್ದವರಿಗೆ ಹಂಚಿದರು.

ಈಚಿನ ಹೆಜ್ಜೆ ಇನ್ನೂ ಉಪಯುಕ್ತ. ಸ್ಪೇನಿನ ಮಾಲಗಾ ಬಳಿಯ ಅಲ್ಹೌರಿನ್ ದೆ ಲಾ ತೊರ್ರೆ ಪಟ್ಟಣದಲ್ಲಿ ಕ್ರೋಶ ಶಿಕ್ಷಕಿ ಎವಾ ಪಚೇಕೊ 2019ರಲ್ಲಿ ತಮ್ಮ ವಿದ್ಯಾರ್ಥಿನಿಯರೊಡನೆ ಹೆಣೆದ ಬಣ್ಣದ ಚಪ್ಪರ, ಅಂಗಡಿ ಬೀದಿಯ ಮೇಲೆ ಹರಡಿ ಬೇಸಿಗೆಯ ಬಿಸಿಲಿಗೆ ನೆರಳು ಕೊಟ್ಟಿತು. ಮೆಕ್ಸಿಕೋದ ಎತ್ಸತ್ಲಾನ್‌ನ ಹೆಂಗಸರೂ ತಮ್ಮ ಬೀದಿಗಳಿಗೆ ಇಂಥದೇ ಚಪ್ಪರ ಹೆಣೆದಿದ್ದಾರೆ.