ನಂಬಿಕೆ, ನೀತಿ ಮತ್ತು ಹುಬ್ಬಳ್ಳಿಯ ಪ್ಲೇಗು

ದೇವರ ಭಯವೇ ನೀತಿಯ ತಾಯಿಬೇರು ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ದೇವರಿಲ್ಲವೆಂದು ಒಬ್ಬನು ಹೇಳಿದನೆಂದರೆ ಎದುರಿಗಿದ್ದವರು ಮೊದಲು ಕೇಳುವ ಪ್ರಶ್ನೆ ದೇವರನ್ನು ಕುರಿತದ್ದಾಗಿರುವುದಿಲ್ಲ. "ಹಾಗಾದರೆ ನೀವು ಕಳವು ಮಾಡದಂತೆ ತಡೆಯುವವರು ಯಾರು?" ಎಂದೇ ಕೇಳುತ್ತಾರೆ. ನಾನು ದೇವರನ್ನು ನಂಬದವನು. ಧಾರವಾಡದಲ್ಲಿ ಬಾಳುತ್ತ ಈ ಪ್ರಶ್ನೆಯನ್ನು ಮದುವೆಯ ಪಂಕ್ತಿಯಲ್ಲಿಯೂ, ಸಾಹಿತ್ಯ ಸಭೆ ಮುಗಿದ ಮೇಲಿನ ಚಹದ ಹೊತ್ತಿನಲ್ಲಿಯೂ ಅನೇಕ ಸಾರಿ ಕೇಳಿಸಿಕೊಂಡಿದ್ದೇನೆ. ಕೇಳುವವರು ಸಜ್ಜನರು, ಪ್ರಶ್ನೆಯೂ ಕ್ಷುಲ್ಲಕವಾದುದಲ್ಲ. ತತ್ತ್ವಶಾಸ್ತ್ರದ ಗ್ರಂಥಗಳಿಂದ ಇದಕ್ಕೆ ಉತ್ತರ ಹೇಳಬಹುದು. ಆದರೆ ಗ್ರಂಥದ ವಾದ ಮನಸ್ಸಿಗೆ ತಾಕುವುದು ಕಡಿಮೆ. ನಮ್ಮ ಅವಳಿ ಊರುಗಳ ಇತಿಹಾಸದಲ್ಲಿಯೇ ನಂಬಿಕೆ ಮತ್ತು ನೀತಿ ಇವೆರಡೂ ಒಮ್ಮೆ ಒರೆಗಲ್ಲಿಗೆ ಬಂದಿದ್ದವು. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅರಳೆಯ ಪೇಟೆಯೂ ರೈಲು ಕೂಡುವ ತಾಣವೂ ಆಗಿದ್ದ ಹುಬ್ಬಳ್ಳಿಗೆ ಅದು ಬಾರದೆ ಇರುವುದು ಸಾಧ್ಯವಿರಲಿಲ್ಲ. 1898ರ ಮಳೆಗಾಲದಲ್ಲಿ ಊರು ತತ್ತರಿಸಿ ಹೋಯಿತು. ನಮ್ಮ ಅಜ್ಜಿಯ ಕಾಲದವರು ವರ್ಷಗಳನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ; "ಇಲಿ ಬಿದ್ದ ವರ್ಷ" ಎಂದರೆ ಸಾಕಿತ್ತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಬಾಗಿಲಿಗೆ ಬೀಗ ಹಾಕಿ, ಗಂಟುಮೂಟೆ ಕಟ್ಟಿಕೊಂಡು, ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ದ್ಯಾಮವ್ವ ದುರ್ಗವ್ವರಿಗೆ ಹರಕೆ ಹೊತ್ತವರಿದ್ದರು. ಹರಕೆ ಹೊತ್ತವರನ್ನೂ ಹೊರದವರನ್ನೂ ರೋಗ ಬೇರೆ ಬೇರೆಯಾಗಿ ಕಾಣಲಿಲ್ಲ. ಮಠದ ಓಣಿ, ಮಸೀದಿಯ ಓಣಿ, ಮಿಶನ್ನಿನ ವಠಾರ ಎಲ್ಲವೂ ಅದಕ್ಕೆ ಒಂದೇ.

ಇದೇ ರೋಗದ ನೆವದಲ್ಲಿ ಪುಣೆಯಲ್ಲಿ ನಡೆದುದನ್ನು ಎಲ್ಲರೂ ಬಲ್ಲರು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಸೋಲ್ಜರರು ಮನೆಮನೆ ಹೊಕ್ಕರು. ದೇವರ ಕೋಣೆ, ಹೆಂಗಸರ ಕೋಣೆ ಎಂದು ನೋಡಲಿಲ್ಲ. ಆ ವರ್ಷದ ಜೂನ್ 22ರಂದು ಚಾಪೇಕರ ಸಹೋದರರು ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿಸಿದರು. ಬಲಾತ್ಕಾರದಿಂದ ಬಂದ ಹಿತವನ್ನು ಜನ ಹಿತವೆಂದು ಕಾಣುವುದಿಲ್ಲ ಎಂಬ ಪಾಠ ಅಲ್ಲಿ ರಕ್ತದಲ್ಲಿ ಬರೆದು ಹೋಯಿತು.

ಹುಬ್ಬಳ್ಳಿಯಲ್ಲಿ ನಡೆದದ್ದು ಬೇರೆ. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದು, ಭಾರತಕ್ಕೆ ಬಂದಿದ್ದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯೆಹೂದಿ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಚುಚ್ಚುಮದ್ದನ್ನು ಸಿದ್ಧಪಡಿಸಿದ್ದನು. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಮರುವರ್ಷ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸರಕಾರಿ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಈ ಮದ್ದನ್ನು ಕೊಡುವ ದೊಡ್ಡ ಪ್ರಯತ್ನ ನಡೆಯಿತು. 1891ರ ಜನಗಣತಿಯಲ್ಲಿ ಹುಬ್ಬಳ್ಳಿಯ ಜನಸಂಖ್ಯೆ 50,000ಕ್ಕೆ ಸ್ವಲ್ಪ ಹೆಚ್ಚು. ಅಂಥ ಊರಿನಲ್ಲಿ ಕೆಲವೇ ತಿಂಗಳುಗಳಲ್ಲಿ 30,000ಕ್ಕೂ ಮಿಕ್ಕಿ ಜನ ಸೂಜಿಗೆ ತೋಳು ಕೊಟ್ಟರು. ಮುಂಬಯಿ ಇಲಾಖೆಯ ಪ್ಲೇಗಿನ ಇತಿಹಾಸದಲ್ಲಿ ಹುಬ್ಬಳ್ಳಿಯ ಹೆಸರು ದೂರದ ವೈದ್ಯರಿಗೂ ಪರಿಚಿತವಾದುದು ಹೀಗೆ.

ಈ ಸಂಖ್ಯೆಯ ಹಿಂದಿನ ಮನೋವ್ಯಾಪಾರವನ್ನು ನಾವು ಊಹಿಸಿಕೊಳ್ಳಬೇಕು. ಆ ಮದ್ದನ್ನು ಮಾಂಸದ ಸಾರಿನಲ್ಲಿ ಬೆಳೆಸುತ್ತಿದ್ದರು. ದನದ, ಹಂದಿಯ ಶಂಕೆ ಬರಬಾರದೆಂದು ಹಾಫ್‌ಕಿನ್ ಆಡಿನ ಮಾಂಸವನ್ನು ಬಳಸಿದನು. ಅದೂ ಲಿಂಗವಂತರಿಗೆ, ಬ್ರಾಹ್ಮಣರಿಗೆ, ಜೈನರಿಗೆ ನಿಷಿದ್ಧವೇ. ಮದ್ದು ಕೊಡುವವರು ಪರದೇಶಿಯರು. ಆಳುವವರ ಮೇಲೆ ಜನಕ್ಕೆ ವಿಶ್ವಾಸವಿಲ್ಲದ ಕಾಲ ಅದು. ಕಾನೂನು ಮದ್ದನ್ನು ಕಡ್ಡಾಯ ಮಾಡಿರಲಿಲ್ಲ ನಿಜ. ಆದರೂ ಒತ್ತಡ ಇರಲೇ ಇಲ್ಲವೆನ್ನಲಾಗದು. ಚುಚ್ಚಿಸಿಕೊಂಡವರಿಗೆ ಪ್ಲೇಗಿನ ನಿರ್ಬಂಧಗಳಲ್ಲಿ ಸಡಿಲಿಕೆ ಇರುತ್ತಿತ್ತು. ಅಷ್ಟಾಗಿಯೂ ಮಡಿಯನ್ನು ಬದಿಗಿಟ್ಟು ತೋಳು ಚಾಚಿದ ಆ ಸಾವಿರಾರು ಜನರಲ್ಲಿ ಬಹುತೇಕ ಎಲ್ಲರೂ ಆಸ್ತಿಕರೇ. ಮರುದಿನ ಅವರು ಎಂದಿನಂತೆ ಲಿಂಗಪೂಜೆ ಮಾಡಿರಬೇಕು, ನಮಾಜು ಮಾಡಿರಬೇಕು. ದೇವರನ್ನು ಅವರು ಬಿಡಲಿಲ್ಲ. ನೆರೆಮನೆಯಲ್ಲಿ ಮದ್ದು ಹಾಕಿಸಿಕೊಂಡವನು ಬದುಕಿದನೋ ಸತ್ತನೋ ಎಂಬುದನ್ನು ಕಣ್ಣಾರೆ ನೋಡಿ ನಿರ್ಧರಿಸಿದರು. ನಾಸ್ತಿಕನಾದ ನನಗೆ ಇದು ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ವಿಚಾರಶಕ್ತಿ ದೇವರನ್ನು ಬಿಟ್ಟವರ ಸೊತ್ತೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. 1898ರ ಹುಬ್ಬಳ್ಳಿ ಆ ಗರ್ವವನ್ನು ಮುರಿಯುತ್ತದೆ.

ಮದ್ದು ಮಾಡಿದವನ ಕಥೆಯೂ ಹೀಗೆಯೇ ಇದೆ. 1902ರಲ್ಲಿ ಪಂಜಾಬದ ಮುಲ್ಕೋವಾಲದಲ್ಲಿ ಈ ಮದ್ದು ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್‌ನ ಮೇಲೆ ಆರೋಪ ಬಂದು ಅವನ ಅಧಿಕಾರ ಹೋಯಿತು. ದೋಷ ಅವನ ಪ್ರಯೋಗಶಾಲೆಯದಲ್ಲ, ಚುಚ್ಚುವ ಸ್ಥಳದಲ್ಲಿ ಒಂದು ಬಾಟಲಿ ಕಲುಷಿತವಾದುದರಿಂದ ಆದದ್ದೆಂದು ಬೇರೆ ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ, 1907ರಲ್ಲಿ, ಅವನು ಕಳಂಕಮುಕ್ತನಾದನು. ಇಂಥ ಮನುಷ್ಯನನ್ನು ನಮ್ಮ ಪಕ್ಷದವನೆಂದು ಹೇಳಿಕೊಳ್ಳಲು ನಾಸ್ತಿಕರಿಗೆ ಆಸೆಯಾದೀತು. ಆದರೆ ಉತ್ತರವಯಸ್ಸಿನಲ್ಲಿ ಹಾಫ್‌ಕಿನ್ ಕಟ್ಟಾ ಧರ್ಮನಿಷ್ಠ ಯೆಹೂದಿಯಾದನು. 1916ರಲ್ಲಿ ಸಾಂಪ್ರದಾಯಿಕ ನಿಷ್ಠೆಯನ್ನು ಸಮರ್ಥಿಸಿ ಲೇಖನವನ್ನೇ ಬರೆದನು. ಸೂಕ್ಷ್ಮದರ್ಶಕವನ್ನೂ ಪ್ರಾರ್ಥನೆಯನ್ನೂ ಒಂದೇ ಬಾಳಿನಲ್ಲಿ ಅವನು ಹೇಗೆ ಹೊಂದಿಸಿಕೊಂಡನೋ ನನಗೆ ಅರ್ಥವಾಗುವುದಿಲ್ಲ. ಅರ್ಥವಾಗಲೇಬೇಕೆಂದೂ ಇಲ್ಲ. ಅವನು ಹುಬ್ಬಳ್ಳಿಯ ಜನಕ್ಕೆ ಕೊಟ್ಟದ್ದು ತನ್ನ ದೇವರನ್ನಲ್ಲ. ಪರೀಕ್ಷಿಸಿ ನೋಡಬಹುದಾದ ಒಂದು ವಸ್ತುವನ್ನು ಕೊಟ್ಟನು.

ಪರೀಕ್ಷೆಯೂ ನಡೆಯಿತು. ಮದ್ದು ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯೆಂದು ಹುಬ್ಬಳ್ಳಿಯ ವರದಿ ತೋರಿಸಿತು. ಸರಕಾರ ನೇಮಿಸಿದ ಪ್ಲೇಗು ಆಯೋಗ ಇಂಥ ಲೆಕ್ಕಗಳನ್ನು ತಿರುವಿ ನೋಡಿ, ಅಂಕೆಸಂಖ್ಯೆಗಳಲ್ಲಿ ಕೊರತೆಗಳಿವೆ, ಮದ್ದು ಪೂರ್ಣ ರಕ್ಷಣೆ ಕೊಡುವುದಿಲ್ಲ, ಆದರೆ ರೋಗವನ್ನೂ ಮರಣವನ್ನೂ ತಗ್ಗಿಸುವುದು ನಿಜ ಎಂದು ಅಭಿಪ್ರಾಯಪಟ್ಟಿತು. ಹೊಗಳಿಕೆಯಲ್ಲಿ ಅರ್ಧವನ್ನು ಕಡಿದುಹಾಕಿದ ಈ ತೀರ್ಪು ನನಗೆ ಪೂರ್ಣ ಹೊಗಳಿಕೆಗಿಂತ ಮಿಗಿಲಾಗಿ ತೋರುತ್ತದೆ. ತನ್ನ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಟ್ಟು, ತಪ್ಪಿದ್ದರೆ ತೋರಿಸಿರಿ ಎನ್ನುವುದು ಬರಿಯ ವಿಜ್ಞಾನದ ವಿಧಾನವಲ್ಲ, ಅದೊಂದು ನೀತಿ. ದೇವರ ಭಯ ಇರಲಿ ಇಲ್ಲದಿರಲಿ, ಸಮಾಜ ನಿಂತಿರುವುದು ಈ ನೀತಿಯ ಮೇಲೆ.

ಈ ಮಾತನ್ನು ಹೇಳಿದ ಮೇಲೆ ನಾಸ್ತಿಕನೂ ತನ್ನ ಲೆಕ್ಕ ಒಪ್ಪಿಸಬೇಕು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರು ಮುಂದೆ ವಕೀಲರಾದರು, ಮಾಸ್ತರರಾದರು, ಪ್ರಾಧ್ಯಾಪಕರಾದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಶನ್ನಿನವರು ಮತಪ್ರಚಾರಕ್ಕೆಂದು ಬಂದು ಶಾಲೆ ಕಟ್ಟಿದರು. ಅವರಲ್ಲೊಬ್ಬರಾದ ಕಿಟ್ಟೆಲ್ಲರು 1894ರಲ್ಲಿ ನಮಗೆ ನಿಘಂಟನ್ನು ಕೊಟ್ಟರು. ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ ಜಾತಿ ಕೇಳದೆ ಅನ್ನ ಬಡಿಸಿದರು. ನಾಸ್ತಿಕರು ಕಟ್ಟಿದ ಅನ್ನಛತ್ರ ಯಾವುದು? ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಾವು ವಾದ ಮಾಡಿದಷ್ಟು ಅಡಿಗೆ ಮಾಡಿಲ್ಲ.

ಆದರೆ ಇದರಲ್ಲಿ ಇನ್ನೊಂದು ಮುಖವೂ ಇದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರ ಶಾಲೆಯ ಮಕ್ಕಳಿಗೆ ಬಿಸಿಯೂಟ ಹಾಕುವ ಯೋಜನೆಯನ್ನು ತಂದು, ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ದಾಸೋಹ ಶರಣರ ಮಾತು, ಮಠದ ಮಾತು. ಅದು ಈಗ ಸರಕಾರದ ಕಡತದಲ್ಲಿದೆ. ಉಣ್ಣುವ ಮಗುವನ್ನು ನಿನ್ನ ದೇವರು ಯಾರೆಂದು ಯಾರೂ ಕೇಳುವುದಿಲ್ಲ. ಬಡಿಸುವವಳ ನಂಬಿಕೆಯನ್ನೂ ಕೇಳುವುದಿಲ್ಲ. ಅಕ್ಕಿ ಎಷ್ಟು ಬಂತು, ಎಷ್ಟು ಮಕ್ಕಳು ಉಂಡರು ಎಂಬ ಲೆಕ್ಕವನ್ನು ಮಾತ್ರ ಕೇಳಬಹುದು, ಕೇಳಲೇಬೇಕು. ಧರ್ಮದ ಗರ್ಭದಲ್ಲಿ ಹುಟ್ಟಿದ ಕರುಣೆ ಎಲ್ಲರ ಹಕ್ಕಾಗಿ ಬೆಳೆದ ಬಗೆ ಇದು. ಆಸ್ತಿಕರು ಇದನ್ನು ತಮ್ಮದೆಂದರೆ ನನಗೆ ತಕರಾರಿಲ್ಲ. ನನ್ನದೂ ಹೌದೆಂದು ಮಾತ್ರ ಹೇಳುತ್ತೇನೆ.

ಲೆಕ್ಕ ಕೇಳುವುದೇ ಅಪರಾಧವೆಂದು ತಿಳಿದಲ್ಲಿ ಏನಾಗುತ್ತದೆ ಎಂಬುದನ್ನೂ ಈ ಊರು ಕಂಡಿದೆ. ಪ್ಲೇಗಿನ ಆ ವರ್ಷದಿಂದ 117 ವರ್ಷಗಳ ತರುವಾಯ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಿನಲ್ಲಿಯೇ ಗುಂಡಿಕ್ಕಿ ಕೊಂದರು. ಅವರನ್ನು ನಾಸ್ತಿಕರ ಸಾಲಿಗೆ ಸೇರಿಸುವುದು ಸರಿಯಲ್ಲ. ಶಾಸನಗಳನ್ನೂ ವಚನಗಳನ್ನೂ ಬಾಳಿನುದ್ದಕ್ಕೂ ಶೋಧಿಸಿದ ವಿದ್ವಾಂಸರು ಅವರು. ಬಸವಣ್ಣನ ಹಾದಿಯಲ್ಲಿ ಗೌರವವಿಟ್ಟವರು. ಆ ಪರಂಪರೆಯ ಒಳಗೆ ನಿಂತುಕೊಂಡೇ ಅದರ ದಾಖಲೆಗಳನ್ನು ಕೇಳಿದರು. 1989ರಲ್ಲಿ ಅವರ 'ಮಾರ್ಗ'ದ ಬರಹಗಳಿಗೆ ವಿರೋಧ ಎದ್ದಾಗ ಒತ್ತಡಕ್ಕೆ ಮಣಿದು ತಮ್ಮ ಮಾತನ್ನು ಹಿಂತೆಗೆದುಕೊಂಡಿದ್ದರು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆನೆಂದು ನೊಂದುಕೊಂಡಿದ್ದರು. ಮತ್ತೆ ಸಂಶೋಧನೆಗೆ ಮರಳಿದರು. 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರಿಗಿಂತ ಮುಂಚೆ, 2013ರ ಆಗಸ್ಟ್ 20ರಂದು, ಪುಣೆಯಲ್ಲಿ ನರೇಂದ್ರ ದಾಭೋಲಕರರನ್ನು ಕೊಂದಿದ್ದರು. 2015ರ ಫೆಬ್ರುವರಿಯಲ್ಲಿ ಕೊಲ್ಲಾಪುರದಲ್ಲಿ ಗೋವಿಂದ ಪಾನಸರೆಯವರ ಮೇಲೆ ಗುಂಡು ಹಾರಿಸಿದರು. ಮೂವರ ವಿಚಾರಗಳೂ ಒಂದೇ ಆಗಿರಲಿಲ್ಲ. ಮೂವರೂ ಮುಚ್ಚಿದ ಪುಸ್ತಕವನ್ನು ತೆರೆಯಿರಿ ಎಂದವರು.

ಹಾಗಾದರೆ ದೇವರ ಭಯವಿದ್ದಲ್ಲಿ ನೀತಿ ಇರುತ್ತದೆಂಬ ಮಾತಿನ ಗತಿಯೇನು? ಕೊಲೆಯನ್ನು ಮುಂದಿಟ್ಟು ಭಕ್ತರನ್ನೆಲ್ಲ ದೂರುವುದು ಅನ್ಯಾಯ. ಕಲಬುರ್ಗಿಯವರಿಗಾಗಿ ಬೀದಿಗಿಳಿದವರಲ್ಲಿ ವಿಭೂತಿ ಧರಿಸಿದವರೂ ಇದ್ದರು. ನಂಬಿಕೆ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದುಂಟು, ಅಪನಂಬಿಕೆಯೂ ಹಾಗೆಯೇ. ಎರಡೂ ಕೆಡಿಸುವುದೂ ಉಂಟು. ಆದುದರಿಂದ ನೆರೆಯವನನ್ನು ಅಳೆಯುವಾಗ ಅವನ ದೇವರಕೋಣೆಯನ್ನು ನಾನು ಇಣಿಕಿ ನೋಡುವುದಿಲ್ಲ. ಅವನನ್ನು ಪ್ರಶ್ನೆ ಕೇಳಬಹುದೇ, ಕೇಳಿದರೆ ಸಿಟ್ಟಾಗದೆ ಉತ್ತರ ಕೊಡುವನೇ, ಉತ್ತರ ತಪ್ಪಾಗಿದ್ದರೆ ತಿದ್ದಿಕೊಳ್ಳುವನೇ ಎಂದು ನೋಡುತ್ತೇನೆ. ನನ್ನನ್ನೂ ಅದೇ ಅಳತೆಗೋಲಿನಿಂದ ಅಳೆಯಲಿ ಎಂದು ಕೋರುತ್ತೇನೆ.

ನಾನು ಕಳವು ಮಾಡದಂತೆ ತಡೆಯುವವರು ಯಾರು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಯಾರ ಮನೆಯಲ್ಲಿ ಕದಿಯಬಹುದಾಗಿತ್ತೋ ಆ ಮನೆಯವರು. ಅವರ ಹಸಿವು ನನ್ನ ಹಸಿವಿನಂಥದೇ. ಅವರ ಮಕ್ಕಳ ಜ್ವರ ನನ್ನ ಮಕ್ಕಳ ಜ್ವರದಂಥದೇ. 1898ರಲ್ಲಿ ಹುಬ್ಬಳ್ಳಿಯ ಜನ ರೋಗದ ಎದುರಿಗೆ ಇದನ್ನು ಕಲಿತರು. ರೋಗವಿಲ್ಲದ ದಿನಗಳಲ್ಲಿ ಅದನ್ನು ಮರೆಯದಿರುವುದು ನಮ್ಮ ಪಾಲಿನ ಕೆಲಸ.